ಏಟು ತಿಂದಷ್ಟೂ ಬಲಿಯುವ ಖಳ: ಮೂರು ಕಾರ್ಡುಗಳಲ್ಲಿ ‘ಕುಲುಮೆ’

ಹೊಡೆದಷ್ಟೂ ಬಲಿಯುವ ಖಳ ನಮಗೆ ಹೊಸಬನಲ್ಲ. ರಕ್ತಬೀಜನ ಮೈಯಿಂದ ನೆಲಕ್ಕೆ ಬಿದ್ದ ಒಂದೊಂದು ಹನಿಯಿಂದಲೂ ಒಬ್ಬೊಬ್ಬ ರಕ್ತಬೀಜ ಎದ್ದು ಬರುತ್ತಾನೆ. ವಾಲಿಯ ಎದುರು ನಿಂತವನ ಅರ್ಧ ಬಲ ವಾಲಿಯ ಪಾಲಾಗುತ್ತದೆ. ಇವರಿಬ್ಬರನ್ನೂ ಇನ್ನಷ್ಟು ಬಲ ಹಾಕಿ ಯಾರೂ ಗೆಲ್ಲಲಿಲ್ಲ. ಕಾಳಿ ನಾಲಿಗೆ ಚಾಚಿ ರಕ್ತ ನೆಲ ಮುಟ್ಟದಂತೆ ಹೀರಿಕೊಂಡಳು, ರಾಮ ಮರದ ಮರೆಯಲ್ಲೇ ನಿಂತ. ಸೂಪರ್‌ಹೀರೋ ಆರ್‌ಪಿಜಿಗೆ, ಅಂದರೆ ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಕ್ಕೆ, ಇಂಥ ಖಳನನ್ನು ಕಟ್ಟುವ ಗೇಮ್‌ಮಾಸ್ಟರ್ (ಆಟ ನಡೆಸುವವರು) ಹಿಡಿದುಕೊಳ್ಳಬೇಕಾದ ಎಳೆ ಇದೇ: ಖಳ ಬೆಳೆದಂತೆ ಅವನನ್ನು ಮಣಿಸುವ ದಾರಿ ಬದಲಾಗಬೇಕು, ಮುಚ್ಚಿಹೋಗಬಾರದು.

ಲೆಕ್ಕಕ್ಕೆ ಮ್ಯುಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಆಟದ 2011ರ ಮೂರನೇ ಆವೃತ್ತಿಯನ್ನು ಇಟ್ಟುಕೊಳ್ಳೋಣ. ಇಪ್ಪತ್ತು ಮುಖದ ಒಂದೇ ದಾಳ, ಮೇಲೊಂದು ಪವರ್ ಲೆವೆಲ್, ಅಂದರೆ ಪಾತ್ರದ ಬಲಕ್ಕೊಂದು ಮಿತಿ. ದಾಳಿಯ ಬೋನಸ್ ಮತ್ತು ಡ್ಯಾಮೇಜ್ ಸೇರಿ ಪವರ್ ಲೆವೆಲ್‌ನ ಎರಡರಷ್ಟು ಮೀರುವಂತಿಲ್ಲ. ಡಾಡ್ಜ್ (ಏಟು ತಪ್ಪಿಸಿಕೊಳ್ಳುವುದು) ಮತ್ತು ಟಫ್‌ನೆಸ್ (ಏಟು ತಡೆದುಕೊಳ್ಳುವುದು) ಜೋಡಿಗೂ, ಫೋರ್ಟಿಟ್ಯೂಡ್ (ಮೈಯ ತಾಳಿಕೆ) ಮತ್ತು ವಿಲ್ (ಮನೋಬಲ) ಜೋಡಿಗೂ ಅದೇ ಮಿತಿ. ಇಲ್ಲಿ ಏಟಿಗಿಷ್ಟೆಂದು ಕರಗುವ ಹಿಟ್ ಪಾಯಿಂಟ್ ಇಲ್ಲ. ಏಟು ತಗುಲಿದವರು ದಾಳಕ್ಕೆ ತಮ್ಮ ಟಫ್‌ನೆಸ್ ಕೂಡಿ, ಡ್ಯಾಮೇಜ್‌ಗೆ 15 ಸೇರಿಸಿದ ಸಂಖ್ಯೆಯನ್ನು ಮುಟ್ಟಬೇಕು. ಮುಟ್ಟದಿದ್ದರೆ ಎಷ್ಟು ಕಡಿಮೆ ಬಿತ್ತು ಅನ್ನುವುದರ ಮೇಲೆ ಪೆಟ್ಟಿನ ತೀವ್ರತೆ: 5ರೊಳಗಿದ್ದರೆ ಮುಂದಿನ ಟಫ್‌ನೆಸ್‌ಗೆ ಒಂದು ಕಡಿತ, 10ರೊಳಗಿದ್ದರೆ ಆ ಕಡಿತದ ಜೊತೆಗೆ ಮಂಕು, 15ರೊಳಗಿದ್ದರೆ ತತ್ತರ, ಅದನ್ನೂ ಮೀರಿದರೆ ನೆಲಕ್ಕೆ.

ಎಲ್ಲರೂ ಮೊದಲು ಮಾಡುವ ಕೆಲಸ ಖಳನ ಪವರ್ ಲೆವೆಲ್ಲನ್ನು ಒಟ್ಟಾರೆ ಏರಿಸುವುದು: 10, ಆಮೇಲೆ 13, ಆಮೇಲೆ 15. ಹೀರೋಗಳು ಲೆವೆಲ್ 10ರವರು, ದಾಳಿ ಬೋನಸ್ 10, ಡ್ಯಾಮೇಜ್ 10 ಎಂದುಕೊಳ್ಳಿ. ಡಾಡ್ಜ್ 10, ಟಫ್‌ನೆಸ್ 10 ಇರುವ ಖಳನಿಗೆ ಅವರ ಒಂದು ದಾಳಿ ತಗುಲುವ ಸಾಧ್ಯತೆ ಶೇ. 55, ತಗುಲಿದ್ದು ನಾಟುವ ಸಾಧ್ಯತೆ ಶೇ. 70. ಗುಣಿಸಿದರೆ ಶೇ. 38.5. ಎರಡೂ 13 ಆದಾಗ ಅದು ಶೇ. 22ಕ್ಕೆ, 15 ಆದಾಗ ಶೇ. 13.5ಕ್ಕೆ ಇಳಿಯುತ್ತದೆ. ಅಂದರೆ ನಾಲ್ಕು ಜನ ತಲಾ ಒಮ್ಮೆ ಹೊಡೆದರೆ, ಸರಾಸರಿ ಎರಡು ಸುತ್ತುಗಳಲ್ಲಿ ಒಂದೇ ಏಟು ನಾಟುತ್ತದೆ. ಇದು ಭಯ ಹುಟ್ಟಿಸುವುದಿಲ್ಲ, ಬೇಸರ ಹುಟ್ಟಿಸುತ್ತದೆ. ಆಟಗಾರರು ಮೊಬೈಲ್ ನೋಡಲು ಶುರುಮಾಡುವುದು ಇಂಥ ಹೋರಾಟದ ನಡುವೆಯೇ.

ಇದರ ಬದಲು ಡಾಡ್ಜ್ ಮತ್ತು ಟಫ್‌ನೆಸ್‌ನ ಮೊತ್ತವನ್ನು 20ರಲ್ಲೇ ಕಟ್ಟಿಹಾಕಿ, ಒಳಗಿನ ಪಾಲನ್ನು ಮಾತ್ರ ಸರಿಸಿ. ಉದಾಹರಣೆಗೆ ‘ಕುಲುಮೆ’ ಎಂಬ ಖಳ. ಶಾಖವನ್ನು ಹೀರಿ ಬೆಳೆಯುವವನು, ಉಕ್ಕಿನ ಕಾರ್ಖಾನೆಯ ಕರಗುಕುಂಡವೇ ಅವನ ಅಡ್ಡೆ. ಮೂರು ಹಂತಕ್ಕೆ ಮೂರು ಕಾರ್ಡು ಬರೆದಿಡಿ.

ಮೊದಲ ಕಾರ್ಡು, ಲೆವೆಲ್ 10: ದಾಳಿ 10, ಡ್ಯಾಮೇಜ್ 10, ಡಾಡ್ಜ್ ಮತ್ತು ಪ್ಯಾರಿ (ಕೈಗೆ ಕೈ ಹತ್ತಿದಾಗ ಏಟು ತಪ್ಪಿಸುವುದು) 8, ಟಫ್‌ನೆಸ್ 12, ಫೋರ್ಟಿಟ್ಯೂಡ್ 12, ವಿಲ್ 8.

ಎರಡನೇ ಕಾರ್ಡು, ಲೆವೆಲ್ 12: ದಾಳಿ 10, ಡ್ಯಾಮೇಜ್ 12, ಡಾಡ್ಜ್ ಮತ್ತು ಪ್ಯಾರಿ 6, ಟಫ್‌ನೆಸ್ 14, ಫೋರ್ಟಿಟ್ಯೂಡ್ 12, ವಿಲ್ 7. ಜೊತೆಗೆ ಸುತ್ತಲೂ 30 ಅಡಿ ದೂರದವರೆಗೆ ಸಿಡಿಯುವ ಶಾಖ, ಡ್ಯಾಮೇಜ್ 10.

ಮೂರನೆಯದು, ಲೆವೆಲ್ 13: ದಾಳಿ 10, ಡ್ಯಾಮೇಜ್ 14, ಡಾಡ್ಜ್ ಮತ್ತು ಪ್ಯಾರಿ 4, ಟಫ್‌ನೆಸ್ 16, ಫೋರ್ಟಿಟ್ಯೂಡ್ 12, ವಿಲ್ 5, ಸಿಡಿತದ ಡ್ಯಾಮೇಜ್ 12.

ಮೈ ಕಾದಷ್ಟೂ ಗಟ್ಟಿ, ಆದರೆ ನಿಧಾನ. ಹೀರೋಗಳ ಒಂದು ದಾಳಿ ತಗುಲಿ ನಾಟುವ ಸಾಧ್ಯತೆ ಈಗ ಶೇ. 39, 37.5, 34. ಬಹುತೇಕ ಅಲ್ಲೇ ನಿಂತಿತು. ಅಪಾಯ ಮಾತ್ರ ಏರುತ್ತದೆ: ಟಫ್‌ನೆಸ್ 10 ಇರುವ, ಇನ್ನೂ ಪೆಟ್ಟು ತಿನ್ನದ ಹೀರೋ ಒಂದೇ ಏಟಿಗೆ ನೆಲ ಕಚ್ಚುವ ಸಾಧ್ಯತೆ ಮೊದಲ ಹಂತದಲ್ಲಿ ಇಲ್ಲವೇ ಇಲ್ಲ, ಎರಡನೆಯದರಲ್ಲಿ ಶೇ. 5, ಮೂರನೆಯದರಲ್ಲಿ ಶೇ. 15. ಸಿಡಿತಕ್ಕೆ ಗುರಿಯ ದಾಳ ಬೇಕಿಲ್ಲ. ಡ್ಯಾಮೇಜ್ 10ರ ಸಿಡಿತದಲ್ಲಿ ಹೀರೋ ಡಾಡ್ಜ್ ಕೂಡಿ 20 ಮುಟ್ಟಿದರೆ ಅರ್ಧ ಏಟು, ಇಲ್ಲದಿದ್ದರೆ ಪೂರ್ತಿ.

ವಿಲ್ ಇಳಿಸಿದ್ದು ಬೇಕೆಂದೇ. ಶಾಖ ತಲೆಗೇರಿದವನ ಬುದ್ಧಿ ಸ್ಥಿಮಿತದಲ್ಲಿರುವುದಿಲ್ಲ. ಮನಸ್ಸಿನ ಮೇಲೆ ದಾಳಿ ಮಾಡುವ ಹೀರೋ ತಂಡದಲ್ಲಿದ್ದರೆ ಮೂರನೇ ಹಂತ ಅವರ ಸರದಿ. ಆದರೆ 5ಕ್ಕಿಂತ ಕೆಳಗೆ ಹೋಗಬೇಡಿ. ಅಫ್ಲಿಕ್ಷನ್ (ಇಲ್ಲಿ ಮನಸ್ಸನ್ನು ಮಣಿಸುವ ದಾಳಿ) 10ರ ಎದುರು ವಿಲ್ 8 ಇದ್ದರೆ ಒಂದೇ ದಾಳಿಗೆ ಪೂರ್ತಿ ಸೋಲುವ ಸಾಧ್ಯತೆ ಶೇ. 5, ವಿಲ್ 5 ಇದ್ದರೆ ಆಗಲೇ ಶೇ. 20.

ಇನ್ನು ಹಂತ ಏರುವ ಬಗೆ. ಇಡೀ ವಿನ್ಯಾಸ ನಿಲ್ಲುವುದು ಇದರ ಮೇಲೆ. ಗೇಮ್‌ಮಾಸ್ಟರ್ ತನಗೆ ತೋಚಿದಾಗ ‘ಈಗ ಇವನಿನ್ನೂ ಬಲವಾದ’ ಎಂದು ಘೋಷಿಸಿದರೆ ಅದು ಮೋಸದಂತೆ ಕಾಣುತ್ತದೆ, ಮತ್ತು ನಿಜಕ್ಕೂ ಅದು ಮೋಸವೇ. ಏರಿಕೆ ಎಲ್ಲರ ಕಣ್ಣೆದುರು ನಡೆಯಲಿ. ಹತ್ತು ಕೇರಂ ಕಾಯಿ ಮೇಜಿನ ಮೇಲಿಡಿ, ಒಂದೊಂದೂ ಒಂದು ‘ಕಾವು’. ಬೆಂಕಿ, ವಿದ್ಯುತ್, ಲೇಸರ್ ಯಾವುದೇ ತಗುಲಿದರೆ, ನಾಟದಿದ್ದರೂ, ಒಂದು ಕಾವು ಸೇರುತ್ತದೆ. ಅವನ ಸರದಿ ಬಂದಾಗ ಕುಂಡದ ಪಕ್ಕದಲ್ಲಿದ್ದರೆ ಇನ್ನೊಂದು. ನೀರು ಅಥವಾ ಹಿಮದ ದಾಳಿ ತಗುಲಿದರೆ ಎರಡು ಇಳಿಯುತ್ತದೆ. ಒಂದು ಸಿಡಿತಕ್ಕೆ ಅವನೇ ಎರಡು ಕಾವು ತೆರಬೇಕು. 4 ಕಾವಿಗೆ ಎರಡನೇ ಹಂತ, 8ಕ್ಕೆ ಮೂರನೆಯದು. ಕಾವು ಕೆಳಗಿಳಿದರೆ ಹಂತವೂ ಇಳಿಯುತ್ತದೆ.

ತಂಡದ ನಾಲ್ವರಲ್ಲಿ ಇಬ್ಬರು ಶಾಖದ ದಾಳಿಯವರಾದರೆ, ಅವರಿಂದ ಸುತ್ತೊಂದಕ್ಕೆ ಸುಮಾರು 1.3 ಕಾವು, ಕುಂಡದಿಂದ 1. ಯಾರೂ ತಡೆಯದಿದ್ದರೆ, ಅವನೂ ಸಿಡಿಯದಿದ್ದರೆ, ಎರಡು ಸುತ್ತಿನಲ್ಲಿ ಎರಡನೇ ಹಂತ, ನಾಲ್ಕನೇ ಸುತ್ತಿನಲ್ಲಿ ಮೂರನೆಯದು. ಐದಾರು ಸುತ್ತಿನ ಹೋರಾಟಕ್ಕೆ ಇದು ಹದವಾದ ವೇಗ. ನಾಲ್ವರೂ ಶಾಖದವರಾದರೆ ಕಾವು ಬಲು ಬೇಗ ಏರುತ್ತದೆ. ಮೆಟ್ಟಿಲನ್ನು 6 ಮತ್ತು 12ಕ್ಕೆ ಸರಿಸಿ, ಕಾಯಿಯನ್ನೂ 14 ಮಾಡಿ. ಎಲ್ಲರೂ ಮುಷ್ಟಿಯವರಾದರೆ ಮುಷ್ಟಿಯ ಏಟನ್ನೇ ಕಾವು ಎಂದು ಎಣಿಸಿ. ತಂಡದ ಪಾತ್ರಗಳ ವಿವರವಿರುವ ಹಾಳೆಗಳನ್ನು ಮುಂದಿಟ್ಟುಕೊಳ್ಳದೆ ಈ ಸಂಖ್ಯೆಗಳನ್ನು ನಿಗದಿಮಾಡಲು ಹೋಗಬೇಡಿ.

ಹಂತ ಬದಲಾದಾಗ ಹಳೆಯ ಗಾಯ ಮಾಯಬಾರದು. ಮೊದಲ ಹಂತದಲ್ಲಿ ಟಫ್‌ನೆಸ್‌ಗೆ ಮೂರು ಕಡಿತ ಬಿದ್ದಿದ್ದರೆ ಎರಡನೆಯದರಲ್ಲೂ ಅವನ 14 ಎಂಬುದು 11 ಆಗಿಯೇ ಇರಲಿ. ಗಾಯ ಒರೆಸಿದಿರೋ, ಅಲ್ಲಿಯವರೆಗೆ ಆಟಗಾರರು ಪಟ್ಟ ಶ್ರಮವೆಲ್ಲ ನೀರುಪಾಲು. ಕಥೆಗಾಗಿ ಒರೆಸಲೇಬೇಕಾದರೆ ಪ್ರತಿಯೊಬ್ಬ ಹೀರೋಗೂ ಒಂದು ಹೀರೋ ಪಾಯಿಂಟ್ ಕೊಡಿ. ಗೇಮ್‌ಮಾಸ್ಟರ್ ಖಳನ ಪರವಾಗಿ ಕೈಯಾಡಿಸಿದಾಗ ಹೀರೋಗೆ ಪಾಯಿಂಟ್ ಸಿಗಬೇಕೆಂದು ನಿಯಮವೇ ಹೇಳುತ್ತದೆ. ಹೀರೋ ಪಾಯಿಂಟ್ ಖರ್ಚುಮಾಡಿ ಮತ್ತೆ ಎಸೆದ ದಾಳದಲ್ಲಿ 10 ಅಥವಾ ಕಡಿಮೆ ಬಿದ್ದರೆ ಅದಕ್ಕೆ 10 ಕೂಡುತ್ತದೆ, ಹಾಗಾಗಿ 11ಕ್ಕಿಂತ ಕಡಿಮೆ ಆಗುವುದೇ ಇಲ್ಲ. ಮೂರನೇ ಹಂತದ 14ರ ಏಟಿಗೂ ಆಗ, ಮೊದಲೇ ಕಡಿತ ಬೀಳದವರು, ಮಂಕಿನಲ್ಲೇ ಪಾರಾಗುತ್ತಾರೆ. ಆದ್ದರಿಂದ ಆ ಹಂತ ಬರುವ ಮೊದಲು ಪ್ರತಿಯೊಬ್ಬರ ಕೈಯಲ್ಲೂ ಒಂದಾದರೂ ಉಳಿದಿದೆಯೇ ನೋಡಿ. ಇಲ್ಲದಿದ್ದರೆ ಒಂದು ತೊಡಕು ತನ್ನಿ: ಕಾರ್ಮಿಕರು ಮೇಲಿನ ಅಟ್ಟದಲ್ಲಿ ಸಿಕ್ಕಿಬಿದ್ದಿದ್ದಾರೆ, ಅಥವಾ ಹೀರೋನ ಗುಟ್ಟು ಬಯಲಾಗುವಂತಿದೆ. ತೊಡಕಿಗೆ ತಲೆಕೊಟ್ಟವರಿಗೆ ಪಾಯಿಂಟ್.

ಇಂಪರ್ವಿಯಸ್ ಎಂಬ ಸೇರ್ಪಡೆಯ ಬಗ್ಗೆ ಒಂದು ಎಚ್ಚರಿಕೆ. ಅದರ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ ಡ್ಯಾಮೇಜ್ ಖಳನಿಗೆ ತಾಕುವುದೇ ಇಲ್ಲ. ಟಫ್‌ನೆಸ್ 16 ಪೂರ್ತಿ ಇಂಪರ್ವಿಯಸ್ ಮಾಡಿದರೆ ಡ್ಯಾಮೇಜ್ 8ರ ಹೀರೋ ಸುಮ್ಮನೆ ನಿಂತು ನೋಡಬೇಕು. 10 ಸಾಕು. ಪಿಸ್ತೂಲಿನ 3, 4, ರೈಫಲ್ಲಿನ 5 ಅಷ್ಟರಲ್ಲೇ ನಿಂತುಹೋಗುತ್ತವೆ, ಪೊಲೀಸರ ಗುಂಡು ಇವನಿಗೆ ಹತ್ತುವುದಿಲ್ಲ ಎಂದು ತೋರಿಸಲು ಅಷ್ಟೇ ಬೇಕಾದದ್ದು.

ವಾಲಿಯ ಮಾದರಿಯಲ್ಲಿ ಎದುರಾಳಿಯ ಬಲ ಕಸಿಯುವ ಖಳನನ್ನು ಮಾಡುವವರಿಗೆ ಎರಡು ಕಡೆಯ ಲೆಕ್ಕ ನೆನಪಿರಲಿ. ಹೀರೋನಿಂದ 5 ಕಸಿದು ತನಗೆ 5 ಸೇರಿಸಿಕೊಂಡರೆ ಅಂತರ 10 ಆಗುತ್ತದೆ, ಇಪ್ಪತ್ತು ಮುಖದ ದಾಳದಲ್ಲಿ ಅದು ಅರ್ಧ ದಾಳ. ಒಂದು ಸಲಕ್ಕೆ ಒಬ್ಬರಿಂದ ಮಾತ್ರ, 3ರವರೆಗೆ ಮಾತ್ರ ಎಂದು ಮಿತಿ ಹಾಕಿ. ಅವನ ಕಣ್ಣಿಗೆ ಬೀಳದವರಿಂದ ಕಸಿಯಲಾಗದು ಎಂದರೆ ಮರೆಯೂ ಸಿಕ್ಕಿತು. ರಕ್ತಬೀಜನ ಮಾದರಿಯಲ್ಲಿ ತೊಂದರೆ ಗಡಿಯಾರದ್ದು. ಸುತ್ತೊಂದಕ್ಕೆ ಎರಡೆರಡು ಪ್ರತಿರೂಪ ಎದ್ದರೆ ಮೂರನೇ ಸುತ್ತಿನ ಹೊತ್ತಿಗೆ ಗೇಮ್‌ಮಾಸ್ಟರ್ ಒಬ್ಬರೇ ಏಳು ಸರದಿ ಆಡಬೇಕು. ಪ್ರತಿರೂಪಗಳನ್ನು ಮಿನಿಯನ್ (ಸುಲಭಕ್ಕೆ ಬೀಳುವ ಚಿಲ್ಲರೆ ಆಳುಗಳು) ಮಾಡಿ, ಒಟ್ಟು ಆರಕ್ಕೆ ನಿಲ್ಲಿಸಿ, ಎಲ್ಲರಿಗೂ ಸೇರಿಸಿ ಒಂದೇ ದಾಳ ಎಸೆಯಿರಿ.

ಕುಲುಮೆಯ ಗುಟ್ಟು ಹೋರಾಟಕ್ಕೆ ಮೊದಲೇ ಸಿಗುವಂತಿರಲಿ. ಸುಟ್ಟ ಗೋದಾಮನ್ನು ಟೆಕ್ನಾಲಜಿ ಎಂಬ ಕೌಶಲದಿಂದ ಪರೀಕ್ಷಿಸಿ 15 ಮುಟ್ಟಿದವರಿಗೆ ‘ಶಾಖ ಹೊರಗೆ ಹರಡಿಲ್ಲ, ಒಳಗೆ ಹೀರಲ್ಪಟ್ಟಿದೆ’, 20 ಮುಟ್ಟಿದವರಿಗೆ ‘ನೀರಿನ ಪೈಪ್ ಒಡೆದ ಕಡೆ ಅವನು ಕಾಲಿಟ್ಟಿಲ್ಲ’, 25 ಮುಟ್ಟಿದವರಿಗೆ ಹಂತಗಳ ವಿಷಯ. ಕಾರ್ಖಾನೆಯ ನಕ್ಷೆಯಲ್ಲಿ ತಣಿಸುವ ನೀರಿನ ತೊಟ್ಟಿಯನ್ನು ದೊಡ್ಡದಾಗಿ ಬರೆಯಿರಿ. ಯಾರಾದರೂ ಮೊದಲ ಸುತ್ತಿನಲ್ಲೇ ಅವನನ್ನು ಅದರೊಳಗೆ ದಬ್ಬಿ, ಮೂರನೇ ಕಾರ್ಡು ಹೊರಬರದೇ ಹೋರಾಟ ಮುಗಿದರೆ ಮುಗಿಯಲಿ. ಕಾರ್ಡು ಎತ್ತಿಡಿ, ಜೈಲಿನ ಬಾಯ್ಲರ್ ಕೋಣೆಗೆ ಉಪಯೋಗಕ್ಕೆ ಬರುತ್ತದೆ.