ಬಾಗಿಲು ಈ ಕಡೆ

"ಅಲ್ಲಿಂದ ಬರಬೇಡ, ಬಾಗಿಲು ಈ ಕಡೆ ಇದೆ" ಎಂದರು ಎದುರುಮನೆಯ ಅಜ್ಜಿ.

ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಅವರು ತೋರಿಸಿದ ಕಡೆ ಬಾಗಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಉಳಿದಿದ್ದದ್ದು ಕಾಂಕ್ರೀಟಿನ ತಳ ಮತ್ತು ಎರಡು ಮೆಟ್ಟಿಲು. ಸುತ್ತು ಹಾಕಿ, ಮೆಟ್ಟಿಲು ಹತ್ತಿಯೇ ಒಳಗೆ ಹೋದೆ.

ಅಮೆರಿಕದ ಒಕ್ಲಹೋಮಾದ ಈ ಹಳ್ಳಿಗಾಡಿನ ಬಡಾವಣೆಗೆ ನಾವು ಬಂದು ಐದು ವರ್ಷವಾಯಿತು. ಮನೆಗೂ ಮನೆಗೂ ನಡುವೆ ಎಕರೆಗಟ್ಟಲೆ ಹುಲ್ಲು. ಕೈಬೀಸಿದರೆ ನೆರೆಹೊರೆಯ ಕರ್ತವ್ಯ ಮುಗಿಯಿತು. ಅಜ್ಜಿಯ ಮನೆಯೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಅದು ನೆಲಸಮವಾದ ಮರುದಿನ.

ಹಿಂದಿನ ಸಂಜೆ ಮೊಬೈಲ್ ಅರಚಿದ ಕೂಡಲೇ ನಾವು ಕಿಟಕಿಯಿಲ್ಲದ ಬಚ್ಚಲುಮನೆ ಸೇರಿ, ತಲೆಯ ಮೇಲೆ ಹಾಸಿಗೆ ಎಳೆದುಕೊಂಡು ಕುಳಿತಿದ್ದೆವು. ಸುಂಟರಗಾಳಿ ರಸ್ತೆಯ ಆಚೆ ಬದಿಯಲ್ಲಿ ಹಾದುಹೋಯಿತು. ಈಚೆ ನಮ್ಮ ಹೂಕುಂಡ ಕೂಡ ಉರುಳಿರಲಿಲ್ಲ. ಅದನ್ನು ನೋಡಲು ನಾಚಿಕೆಯಾಯಿತು. ಆಚೆಯ ಮರಗಳಲ್ಲಿ, ಗೋಡೆಯೊಳಗೆ ತುಂಬುವ ಗುಲಾಬಿ ಬಣ್ಣದ ಗಾಜಿನ ಉಣ್ಣೆ ಜೋತಾಡುತ್ತಿತ್ತು. ಹಿತ್ತಲಿನ ನೆಲದಡಿಯ ಆಸರೆ ಕೋಣೆಗೆ ಇಳಿದಿದ್ದರಿಂದ ಅಜ್ಜಿ ಉಳಿದುಕೊಂಡಿದ್ದರು.

"ಇದು ಅಡುಗೆಮನೆ. ಇದು ನನ್ನ ಗಂಡ ತೀರಿಕೊಂಡ ಕೋಣೆ." ಹೊಸ ಮನೆ ತೋರಿಸುವವರ ಸಡಗರದಲ್ಲಿಯೇ ತೋರಿಸಿದರು.

ಅಷ್ಟರಲ್ಲಿ ಹವಾಮಾನ ಇಲಾಖೆಯವರು ಬಂದರು. ಇಂಥ ಗಾಳಿಯ ವೇಗವನ್ನು ನೇರವಾಗಿ ಅಳೆಯಲು ಸಿಗುವುದು ಅಪರೂಪ. ಮುರಿದ ಮನೆಯೇ ಮಾಪಕ. ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿಟಾ 1971ರಲ್ಲಿ ರೂಪಿಸಿದ ಶ್ರೇಣಿಯನ್ನು ತಿದ್ದಿ, 2007ರಿಂದ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಬಂದವರು ಬಗ್ಗಿ ತಳದ ಅಂಚಿನಲ್ಲಿ, ಗೋಡೆಯನ್ನು ತಳಕ್ಕೆ ಬಿಗಿಯುವ ಬೋಲ್ಟ್ ಹುಡುಕಿದರು. ಬೋಲ್ಟ್ ಇರಲಿಲ್ಲ, ಬರಿಯ ಮೊಳೆ. ಅಂದರೆ ಕಡಿಮೆ ಗಾಳಿಗೇ ಗೋಡೆ ಕಿತ್ತುಹೋಗಿರಬಹುದು. ಕೊನೆಗೆ ಸಿಕ್ಕ ಅಂಕ ಎರಡು, ಗಂಟೆಗೆ 178ರಿಂದ 217 ಕಿಲೋಮೀಟರ್. ಮನೆ ಹೋದದ್ದಕ್ಕಿಂತ ಇದು ಅಜ್ಜಿಗೆ ಹೆಚ್ಚು ನಾಟಿತು.

"ನಲವತ್ತು ವರ್ಷ ನಿಂತಿತ್ತಲ್ಲ, ಅದನ್ನು ಬರೆದುಕೊಂಡರೇ?" ಎಂದು ನನ್ನನ್ನು ಕೇಳಿದರು.

ನನಗೆ ಅಮ್ಮ ನೆನಪಾದಳು. ಹಳೆಯ ಮನೆ ಕೆಡವಿದ ಮೇಲೂ ಆ ಬಯಲಿನಲ್ಲಿ ನಡೆಯುವಾಗ, ಗಿಡ್ಡ ಬಾಗಿಲಿದ್ದ ಜಾಗ ಬಂದರೆ ತಲೆ ಬಗ್ಗಿಸುತ್ತಿದ್ದಳು. ನಾವು ಮಕ್ಕಳು ನಗುತ್ತಿದ್ದೆವು.

ನಮ್ಮಲ್ಲಿ ಯಾರ ಮನೆಗಾದರೂ ಕರೆಯದೆಯೇ ಹೋಗಬಹುದು ಎಂದು ಇಲ್ಲಿಯವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುವವಳು ನಾನು. ಅಂಗಳದಲ್ಲಿಯೇ ನಿಂತು ಮಾತಾಡಿಸಿ ಹೋಗುತ್ತಿದ್ದವರನ್ನು ಆ ಲೆಕ್ಕದಲ್ಲಿ ಸೇರಿಸುವುದಿಲ್ಲ. ಈ ಅಜ್ಜಿಯನ್ನೂ ಐದು ವರ್ಷದಲ್ಲಿ ಒಮ್ಮೆಯೂ ಒಳಗೆ ಕರೆದಿರಲಿಲ್ಲ. ಕೈ ಮಾತ್ರ ಧಾರಾಳವಾಗಿ ಬೀಸಿದ್ದೆ.

ಆ ರಾತ್ರಿ ಊಟಕ್ಕೆ ಕರೆದೆ. ಬಾಗಿಲಲ್ಲಿ ನಮ್ಮ ಚಪ್ಪಲಿಗಳ ಸಾಲನ್ನು ನೋಡಿ, ನಾನು ಬೇಡವೆಂದರೂ ಕೇಳದೆ, ಅಜ್ಜಿ ಮೆಟ್ಟಿಲ ಮೇಲೆ ಕುಳಿತು ಕೆಸರಿನ ಬೂಟಿನ ದಾರ ಬಿಚ್ಚತೊಡಗಿದರು. ಅದರಲ್ಲಿ ಗುಲಾಬಿ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. ಗಂಟು ಬಿಡಿಸಲು ಬಹಳ ಹೊತ್ತು ಹಿಡಿಯಿತು.