ಗೌರಿ ಹಬ್ಬ, ಕೆಳಮನೆಯ ಆರ್ಕೆಸ್ಟ್ರಾ

ಮಂಗಳವಾರ, 26 ಆಗಸ್ಟ್ 2025
ಮಾಂಟ್ರಿಯಲ್

ಹನ್ನೆರಡು ಒಬ್ಬಟ್ಟಿನಲ್ಲಿ ಏಳು ಹರಿದವು. ಇಲ್ಲಿನ ಮೈದಾದ ಮೇಲೆ ಹಾಕಬಹುದು, ಆದರೆ ತಪ್ಪು ನನ್ನದೇ. ಬೇಳೆ ಬಸಿಯುವ ಹೊತ್ತಿಗೆ ಸರಿಯಾಗಿ ಆಫೀಸಿನ ಫೋನು ಬಂತು, ಹೂರಣ ನೀರಾಯಿತು. ನೆಟ್ಟಗಿದ್ದ ಎರಡನ್ನು ಗೌರಮ್ಮನ ಮುಂದೆ ಇಟ್ಟು ಕೈ ಮುಗಿದೆ. ಅಣ್ಣ ಹಬ್ಬದ ದುಡ್ಡು ಅಂತ ಊರಿನ ಅಕೌಂಟಿಗೆ ಸಾವಿರದ ಒಂದು ಹಾಕಿ, ‘ಬಳೆ ತೊಗೋ’ ಅಂತ ಮೆಸೇಜು ಮಾಡಿದ್ದಾನೆ. ಎಲ್ಲಿ ತೊಗೊಳ್ಳಲಿ ಮಾರಾಯ, ಇಲ್ಲಿ ಮಂಗಳವಾರದ ಸಂತೆ ಇದೆಯಾ?

ಸಂಜೆ ಆರರ ಸುಮಾರಿಗೆ ಹರಿದವನ್ನೇ ಮಡಿಚಿ, ಮೇಲೆ ತುಪ್ಪ ಸವರಿ ಮಾನ ಮುಚ್ಚಿ, ಕೆಳಮನೆ ಮೊಸ್ಯೂಗೆ (ಇಲ್ಲಿನ ಫ್ರೆಂಚಿನಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ) ಕೊಡೋಣ ಅಂತ ಇಳಿದೆ. ಮೆಟ್ಟಿಲ ಮೇಲೆ ಮೂರು ಜನ ಕೂತಿದ್ದರು. ಮೊಸ್ಯೂ, ಅವರ ಅಕ್ಕ, ಮತ್ತೆ ಆ ಬೆತ್ತದ ಕೋಲಿನ ಗೆಳೆಯ. ಕಿಟಕಿ ತೆರೆದಿತ್ತು. ಒಳಗೆ ರೆಕಾರ್ಡ್ ಪ್ಲೇಯರ್ ತಿರುಗುತ್ತಿತ್ತು. ಎಂಥದೋ ಗುಡುಗು ಗುಡುಗು ಸಂಗೀತ, ಅದರ ಹಿಂದೆ ತುತ್ತೂರಿಗಳು.

‘ಕೂತ್ಕೊಳ್ಳಿ. ಇವತ್ತು ನಮಗೂ ಹಬ್ಬ’ ಅಂದರು.

ನನ್ನ ಫ್ರೆಂಚು, ಅವರ ಇಂಗ್ಲಿಷು ಎರಡೂ ಕುಂಟುತ್ತವೆ. ಆದರೂ ಇಷ್ಟು ಅರ್ಥವಾಯಿತು: ಇವತ್ತಿಗೆ ಸರಿಯಾಗಿ 48 ವರ್ಷದ ಹಿಂದೆ, 1977ರ ಆಗಸ್ಟ್ 26ರ ಶುಕ್ರವಾರ, ನಮ್ಮ ಬೀದಿ ತುದಿಯಲ್ಲಿ ಕಾಣುವ ಇದೇ ಒಲಿಂಪಿಕ್ ಸ್ಟೇಡಿಯಮ್ಮಿನಲ್ಲಿ ಎಮರ್ಸನ್, ಲೇಕ್ ಆಂಡ್ ಪಾಮರ್ ಬ್ಯಾಂಡು ಪೂರ್ತಿ ಆರ್ಕೆಸ್ಟ್ರಾ ಕಟ್ಟಿಕೊಂಡು ನುಡಿಸಿತ್ತು. ಸುಮಾರು 78,000 ಜನ ಸೇರಿದ್ದರಂತೆ. ಈ ಮೂವರೂ ಅಲ್ಲಿದ್ದರು. ಪ್ರತಿ ವರ್ಷ ಈ ದಿನ ಸೇರಿ, ಆ ರಾತ್ರಿಯ ರೆಕಾರ್ಡ್ ಹಾಕಿ, ಜಗಳ ಆಡುತ್ತಾರೆ.

ಈ ಬ್ಯಾಂಡಿನ ಹೆಸರು ನನಗೆ ಹೊಸದಲ್ಲ. ಅಣ್ಣನ ಕ್ಯಾಸೆಟ್ಟಿನ ಡಬ್ಬದಲ್ಲಿ ಇವರಿದ್ದರು. ಇಂಗ್ಲೆಂಡಿನವರು, ಮೂರೇ ಜನ. ಕೀತ್ ಎಮರ್ಸನ್ ಕೀಬೋರ್ಡು, ಗ್ರೆಗ್ ಲೇಕ್ ಹಾಡು ಮತ್ತು ಗಿಟಾರು, ಕಾರ್ಲ್ ಪಾಮರ್ ಡ್ರಮ್ಮು. ‘ಪ್ರೋಗ್ರೆಸಿವ್ ರಾಕ್ ಕಣೇ, ನಿನಗೆ ತಿಳಿಯಲ್ಲ’ ಅನ್ನುತ್ತಿದ್ದ. ಒಂದೊಂದು ಹಾಡು ಇಪ್ಪತ್ತು ನಿಮಿಷ. ನನಗೆ ನಿಜವಾಗಲೂ ತಿಳಿಯುತ್ತಿರಲಿಲ್ಲ.

ಮತ್ತೆ, ಆರ್ಕೆಸ್ಟ್ರಾ ಅಂದರೆ ನನ್ನ ಕಣ್ಣಿಗೆ ಬರುವುದೇ ಬೇರೆ. ಅರಸೀಕೆರೆ ಗಣಪತಿ ಪೆಂಡಾಲು, ಜರಿ ಕೋಟಿನ ಗಾಯಕ, ಎಕೋ ಜಾಸ್ತಿಯಾದ ಮೈಕು, ಮಧ್ಯೆ ಮಧ್ಯೆ ‘ಕೆಂಪು ಬಣ್ಣದ ಹೀರೋ ಹೊಂಡಾ ದಯವಿಟ್ಟು ತೆಗೆಯಿರಿ’. ಇದನ್ನು ಮೊಸ್ಯೂಗೆ ಹೇಳೋಕೆ ಹೋಗಿ ಅರ್ಧಕ್ಕೇ ಬಿಟ್ಟೆ. ಅವರದು 70 ಜನರ ಆರ್ಕೆಸ್ಟ್ರಾ, ಜೊತೆಗೆ ಕೋರಸ್ಸು, ಮುಂದೆ ಕಡ್ಡಿ ಹಿಡಿದು ನಿಂತವರು ಗಾಡ್‌ಫ್ರೆ ಸಾಲ್ಮನ್.

ಇವರ ಜಗಳ ಹೇಗಿರುತ್ತೆ ಅಂದರೆ:

ಮೊಸ್ಯೂ ಹೇಳುತ್ತಾರೆ, ಎಮರ್ಸನ್ ಪಿಯಾನೊ ಮುಂದೆ ಕೂತಾಗ ಸ್ಟೇಡಿಯಮ್ಮಿನ ಗೋಪುರದ ಮೇಲೆ ದೀಪ ಬಿತ್ತು, ಅದರ ನೆರಳು ಜನರ ಮೇಲೆ ಬಂತು, ಮೈ ಜುಂ ಅಂತು. ಕೋಲಿನವರು ಕೋಲನ್ನು ನೆಲಕ್ಕೆ ಕುಟ್ಟಿ, ‘ಯಾವ ಗೋಪುರ? ಆಗ ಗೋಪುರ ಎಲ್ಲಿತ್ತು?’ ಅನ್ನುತ್ತಾರೆ. ನಿಜ. 1976ರ ಒಲಿಂಪಿಕ್ಸ್ ಮುಗಿದರೂ ಆ ವಾಲಿದ ಗೋಪುರ ಅರ್ಧಕ್ಕೇ ನಿಂತಿತ್ತು, ಮುಗಿದದ್ದು 1987ರಲ್ಲಿ. ಚಾವಣಿಯೂ ಇರಲಿಲ್ಲ. ಬಾಯಿ ತೆರೆದ ಕಾಂಕ್ರೀಟಿನ ಬೋಗುಣಿ. ಮೊಸ್ಯೂ ಇದನ್ನು ಒಪ್ಪುತ್ತಾರೆ. ಒಪ್ಪಿದ ಐದು ನಿಮಿಷಕ್ಕೆ ಮತ್ತೆ, ‘ಆದರೆ ನೆರಳು ನೋಡಿದೆ’ ಅನ್ನುತ್ತಾರೆ.

ಕೋಲಿನವರ ದೂರು ಬೇರೆ. ಪಿಟೀಲು ಕಾಣಿಸಿತೇ ಹೊರತು ಕೇಳಿಸಲೇ ಇಲ್ಲ ಅಂತ. ಅಷ್ಟು ದೊಡ್ಡ ಬಯಲು, ಇತ್ತ ಪಾಮರ್‌ನ ಸ್ಟೀಲಿನ ಡ್ರಮ್ಮು, ಅತ್ತ ಎಮರ್ಸನ್‌ನ ಯಮಹಾ ಜಿಎಕ್ಸ್-1, ಅದೊಂದು ಅಡುಗೆಮನೆ ಅಟ್ಟದಷ್ಟು ದೊಡ್ಡ ಸಿಂಥಸೈಜರು. ಇವೆರಡರ ಮಧ್ಯೆ ಪಾಪ ಪಿಟೀಲು ಏನು ಮಾಡೀತು. ‘ಲೇಕ್ ಮಾತ್ರ ತನ್ನ ಪರ್ಷಿಯನ್ ಜಮಖಾನೆ ಮೇಲೆ ಮನೆಯಲ್ಲಿ ನಿಂತ ಹಾಗೆ ನಿಂತಿದ್ದ’ ಅಂತ ನಕ್ಕರು. ಅವರು ಜುಲೈ 6ರಂದು ಅದೇ ಸ್ಟೇಡಿಯಮ್ಮಿನಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡನ್ನೂ ನೋಡಿದವರು. ಹೌದು, ಅದರ ಗಾಯಕ ರೋಜರ್ ವಾಟರ್ಸ್ ಮುಂದಿದ್ದ ಅಭಿಮಾನಿಯ ಮೇಲೆ ಉಗಿದ ಅದೇ ರಾತ್ರಿ. ಆ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಮ್ಮಣ್ಣ ಹಾಸ್ಟೆಲಿನ ಕಾಂಪೌಂಡು ಹಾರಿ ಹೋಗಿದ್ದ ಅಂದೆ. ‘ನಿಮ್ಮಣ್ಣನ ಮೇಲೆ ಉಗಿದನಾ?’ ಅಂತ ಕೇಳಿದರು. ಇಲ್ಲ ಅಂದೆ. ಪಾಪ, ಅವರಿಗೆ ಸ್ವಲ್ಪ ನಿರಾಸೆಯಾದ ಹಾಗಿತ್ತು.

ಅಕ್ಕ ಒಂದೂ ಮಾತಾಡಿರಲಿಲ್ಲ. ಒಬ್ಬಟ್ಟನ್ನು ಚಮಚದಲ್ಲಿ ಕತ್ತರಿಸಿ ತಿನ್ನುತ್ತಿದ್ದರು. ತಟ್ಟೆ ಕೆಳಗಿಟ್ಟು, ನಮ್ಮ ತಲೆಯ ಮೇಲೆ ಹಾದುಹೋಗಿದ್ದ ಬಟ್ಟೆ ತಂತಿಯ ಕಡೆ ಬೆರಳು ತೋರಿಸಿ ಏನೋ ಅಂದರು. ಮೊಸ್ಯೂ ತರ್ಜುಮೆ ಮಾಡಿದರು.

ಅವರ ಗಂಡ ಹಕ್ಕಿ ನೋಡುವ ದುರ್ಬೀನು ತಂದಿದ್ದರಂತೆ. ಸ್ಟೇಜು ಬೆಂಕಿಪೊಟ್ಟಣದಷ್ಟು ದೂರ. ಎಲ್ಲರೂ ದುರ್ಬೀನಿನಲ್ಲಿ ಎಮರ್ಸನ್‌ನನ್ನು ಹುಡುಕಿದರೆ ಇವರಿಗೆ ಕಂಡದ್ದು ಪಿಟೀಲಿನವರ ಸ್ಟ್ಯಾಂಡಿಗೆ ಸಿಕ್ಕಿಸಿದ್ದ ಬಟ್ಟೆ ಕ್ಲಿಪ್ಪು. ಮರದ ಕ್ಲಿಪ್ಪು, ಸ್ವರ ಬರೆದ ಒಂದೊಂದು ಹಾಳೆಗೆ ಎರಡೆರಡು, ಗಾಳಿಗೆ ಹಾರಿಹೋಗಬಾರದು ಅಂತ. ಪುಟ ತಿರುವಬೇಕಾದರೆ ಒಬ್ಬರು ನುಡಿಸುವುದು ನಿಲ್ಲಿಸಿ, ಕ್ಲಿಪ್ಪು ಬಿಚ್ಚಿ ಬಾಯಲ್ಲಿ ಕಚ್ಚಿ, ಹಾಳೆ ತಿರುವಿ, ಮತ್ತೆ ಸಿಕ್ಕಿಸಿ, ಪಕ್ಕದವರ ಜೊತೆ ಸೇರಿಕೊಳ್ಳುತ್ತಿದ್ದರು. ಇಡೀ ಕಚೇರಿ ಅದನ್ನೇ ನೋಡಿದೆ ಅಂದರು. ಸಂಗೀತ ಏನು ನುಡಿಸಿದರು ನೆನಪಿಲ್ಲ. ಕ್ಲಿಪ್ಪು ಬಾಯಲ್ಲಿದ್ದಾಗ ಆಕೆಯ ಮುಖ ನೆನಪಿದೆ.

ನಾನೂ ಬಟ್ಟೆ ಹಾಕುವಾಗ ಹಾಗೇ ಕಚ್ಚಿಕೊಳ್ಳುತ್ತೇನೆ. ಅಮ್ಮನೂ.

ಆಮೇಲೆ ಮಾತು ದುಡ್ಡಿಗೆ ಬಂತು. ಬರದೆ ಇರುತ್ತಾ. ಆ ಪ್ರವಾಸ ಮೇ 24ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಶುರುವಾದಾಗ ಊರೂರಿಗೆ ಆರ್ಕೆಸ್ಟ್ರಾ ಕರೆದುಕೊಂಡೇ ಹೋಗುವ ಯೋಚನೆ ಇತ್ತಂತೆ. ಅಷ್ಟು ಜನರ ಸಂಬಳ, ಹೋಟೆಲು, ಊಟ, ಬಸ್ಸು, ಅವರ ಸಂಘದ ನಿಯಮಗಳು. ಕೆಲವೇ ವಾರದಲ್ಲಿ ಕೈ ಸುಟ್ಟಿತು. ಆರ್ಕೆಸ್ಟ್ರಾದವರನ್ನು ವಾಪಸು ಕಳಿಸಿ ಮೂವರೇ ಪ್ರವಾಸ ಮುಂದುವರಿಸಿದರು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜುಲೈನ ಮೂರು ರಾತ್ರಿ, ಆಮೇಲೆ ಇಲ್ಲಿ, ಇಷ್ಟಕ್ಕೆ ಮಾತ್ರ ಮತ್ತೆ ಕರೆಸಿಕೊಂಡರು. ಲಕ್ಷಾಂತರ ಡಾಲರ್ ಹೋಯಿತು.

‘ಹುಚ್ಚು’ ಅಂದರು ಕೋಲಿನವರು.

ಮೊಸ್ಯೂ ಅದಕ್ಕೆ ಒಂದು ಕಥೆ ಹೇಳಿದರು. 1975ರಲ್ಲಿ ಎಮರ್ಸನ್‌ನ ಇಂಗ್ಲೆಂಡಿನ ಮನೆ ಸುಟ್ಟುಹೋಗಿತ್ತು. ಆ ಸಿಟ್ಟನ್ನೆಲ್ಲ ಅವನು ಬರೆಯುತ್ತಿದ್ದ ಪಿಯಾನೊ ಕಾನ್ಸರ್ಟೊದ ಮೂರನೇ ಭಾಗಕ್ಕೆ ಸುರಿದ. ರಾಕ್ ಬ್ಯಾಂಡಿನವನು ಬರೆದ ಕಾನ್ಸರ್ಟೊ, ಅದನ್ನು ಆರ್ಕೆಸ್ಟ್ರಾ ಇಲ್ಲದೆ ನುಡಿಸುವುದು ಹೇಗೆ? ಮೂರನೇ ಭಾಗ ಆ ರಾತ್ರಿಯ ರೆಕಾರ್ಡಿನಲ್ಲಿದೆ, ನನಗಾಗಿ ಸೂಜಿ ಎತ್ತಿ ಅಲ್ಲಿಗೇ ಇಟ್ಟರು. ಎಡಗೈ ಹಾರೆಯಲ್ಲಿ ಅಗೆದ ಹಾಗೆ ಅಗೆಯುತ್ತಿತ್ತು. ಸ್ಟುಡಿಯೊದಲ್ಲಿ ಅದನ್ನು ಲಂಡನ್ ಫಿಲ್‌ಹಾರ್ಮೋನಿಕ್ ನುಡಿಸಿದಾಗ ಮುಂದೆ ನಿಂತು ನಡೆಸಿದವರು ಜಾನ್ ಮೇಯರ್, ಕಲ್ಕತ್ತಾದಲ್ಲಿ ಹುಟ್ಟಿದವರು. ‘ನಿಮ್ಮವರು’ ಅಂದರು ಮೊಸ್ಯೂ. ಕಲ್ಕತ್ತಾ ಅರಸೀಕೆರೆಗೆ ಎಷ್ಟು ದೂರ ಅಂತ ವಿವರಿಸಲಿಲ್ಲ. ಹಬ್ಬದ ದಿನ, ನಮ್ಮವರೇ ಇರಲಿ.

‘ಒಂದು ಸಲ ಕೇಳಬೇಕು ಅಂತ ಇತ್ತು ಅವನಿಗೆ, ಅಷ್ಟೆ. ಬಿಲ್ಲು ಆಮೇಲೆ ಬರುತ್ತೆ’ ಅಂದರು, ಸಿಗರೇಟು ಹಚ್ಚುತ್ತಾ. ಸ್ಟೇಡಿಯಮ್ಮಿನ ಸಾಲ 2006ರಲ್ಲಿ ತೀರಿದ್ದು ತಂಬಾಕಿನ ತೆರಿಗೆಯಿಂದ. ಆ ಗೋಡೆಯಲ್ಲಿ ನಾಲ್ಕು ಇಟ್ಟಿಗೆ ನನ್ನವು ಅನ್ನುವುದು ಮೊಸ್ಯೂರ ಹಳೆ ಜೋಕು. ಈಗ ಹೊಸ ಚಾವಣಿಗೆ 87 ಕೋಟಿ ಡಾಲರ್. ಹಳೆಯದರಲ್ಲಿ 20,000ಕ್ಕೂ ಹೆಚ್ಚು ಕಡೆ ಹರಿದಿತ್ತಂತೆ. ನನ್ನ ಒಬ್ಬಟ್ಟೇ ವಾಸಿ.

ಬಿಲ್ಲು ಆಮೇಲೆ ಬರುತ್ತೆ. ಈ ಮಾತು ಕೇಳಿ ನನಗೆ ಸಿಟ್ಟು ಬಂತು. ಆ ಮುದುಕರ ಮುಂದೆ ಯಾಕೆ ಸಿಟ್ಟು ಬರಬೇಕು? ಅರ್ಧ ಒಬ್ಬಟ್ಟು ಅಲ್ಲೇ ಬಿಟ್ಟು, ಕುಕ್ಕರ್ ಇಟ್ಟಿದ್ದೇನೆ ಅಂತ ಸುಳ್ಳು ಹೇಳಿ ಮೇಲೆ ಬಂದೆ.

ನಾನು ಏಳನೇ ಕ್ಲಾಸು. ಅಪ್ಪ ನಮ್ಮ ಬೀದಿ ಗಣಪತಿ ಸಮಿತಿಯಲ್ಲಿದ್ದರು. ಪ್ರತಿ ವರ್ಷ ಐದು ಜನರ ತಂಡ, ಎರಡು ಕೀಬೋರ್ಡು, ಒಂದು ರಿದಂ ಪ್ಯಾಡು. ಆ ವರ್ಷ ಅಪ್ಪ ಹಟ ಹಿಡಿದು ಮೈಸೂರಿಂದ ದೊಡ್ಡ ತಂಡ ಕರೆಸಿದರು. ನಿಜವಾದ ಪಿಟೀಲು, ನಿಜವಾದ ಕೊಳಲು, ಕೀಬೋರ್ಡಿನಲ್ಲಿ ಒತ್ತಿದ್ದಲ್ಲ. ರೇಡಿಯೊದಲ್ಲಿ ಕೇಳಿದ ಹಾಗೆ ಎದುರಿಗೆ ಕೇಳಬೇಕು ಅಂತ. ಚಂದಾ ಸಾಲಲಿಲ್ಲ. ಸಮಿತಿಯವರು ಒಬ್ಬೊಬ್ಬರೇ ಜಾರಿಕೊಂಡರು. ಉಳಿದ ಬಾಕಿಯನ್ನು ಅಪ್ಪ ಕೊಬ್ಬರಿ ಮಾರಿದ ದುಡ್ಡಲ್ಲಿ ತೀರಿಸಿದರು. ಅದು ಅಡುಗೆಮನೆಗೆ ತಾರಸಿ ಹಾಕಿಸಲು ಇಟ್ಟಿದ್ದ ದುಡ್ಡು. ಇನ್ನೂ ಎರಡು ಮಳೆಗಾಲ ಹೆಂಚು ಸೋರಿತು. ಒಲೆ ಪಕ್ಕದಲ್ಲಿ ಇಟ್ಟಿದ್ದ ಹಿತ್ತಾಳೆ ಕೊಳಗಕ್ಕೆ ಟಪ್ ಟಪ್ ಅಂತ ಬೀಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಅಮ್ಮ ಆ ಕಾರ್ಯಕ್ರಮಕ್ಕೆ ಹೋಗಲಿಲ್ಲ. ‘ನನ್ನ ಆರ್ಕೆಸ್ಟ್ರಾ ಇಲ್ಲೇ ಇದೆ’ ಅಂತ ಕೊಳಗ ತೋರಿಸುತ್ತಿದ್ದಳು. ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು, ಅಪ್ಪನನ್ನು ಬಿಟ್ಟು. ನಾನು ಯಾವಾಗಲೂ ಅಮ್ಮನ ಪಾರ್ಟಿ.

ಕೆಳಗೆ ಇನ್ನೂ ರೆಕಾರ್ಡು ಹಾಡುತ್ತಿತ್ತು. ಎಮರ್ಸನ್ 2016ರ ಮಾರ್ಚ್‌ನಲ್ಲಿ ಹೋದ, ಲೇಕ್ ಅದೇ ಡಿಸೆಂಬರ್‌ನಲ್ಲಿ. ಪಾಮರ್ ಒಬ್ಬ ಉಳಿದಿದ್ದಾನೆ. ಪರದೆಯ ಮೇಲೆ ಆ ಇಬ್ಬರ ಹಳೆ ಕಚೇರಿಯ ವಿಡಿಯೊ ಹಾಕಿಕೊಂಡು ಅದರ ಜೊತೆ ಡ್ರಮ್ಮು ನುಡಿಸುತ್ತಾನೆ. ಇದು ಮೊಸ್ಯೂ ಹೇಳಿದ್ದಲ್ಲ, ಮೇಲೆ ಬಂದು ಯೂಟ್ಯೂಬಿನಲ್ಲಿ ನೋಡಿದೆ. ಅದೇ 1977ರ ಚಳಿಗಾಲದಲ್ಲಿ ಖಾಲಿ ಸ್ಟೇಡಿಯಮ್ಮಿನ ಹಿಮದಲ್ಲಿ ನಿಂತು ಮೂವರೂ ನುಡಿಸಿದ ವಿಡಿಯೊ ಕೂಡ. ಚಳಿಗೆ ದಪ್ಪ ಕೋಟು, ಸುತ್ತ ಬಿಳಿ, ಒಂದು ನರಪಿಳ್ಳೆ ಇಲ್ಲ.

ಒಂಬತ್ತೂವರೆಗೆ ಮನೆಗೆ ಫೋನು ಹಚ್ಚಿದೆ. ಅಲ್ಲಿ ಬೆಳಿಗ್ಗೆ ಏಳು, ಗಣಪತಿ ಹಬ್ಬ, ಹಿಂದೆ ಮಿಕ್ಸಿ ಸದ್ದು. ಅಪ್ಪ ಎತ್ತಿದರು. ಹಬ್ಬ, ಒಬ್ಬಟ್ಟು ಎಲ್ಲ ಆದ ಮೇಲೆ ಕೇಳಿದೆ.

‘ಅಪ್ಪ, ಮೈಸೂರಿನ ಆರ್ಕೆಸ್ಟ್ರಾದಲ್ಲಿ ಎಷ್ಟು ಜನ ಇದ್ದರು?’

ಒಂದು ಕ್ಷಣ ಸುಮ್ಮನಿದ್ದರು. ಮೂವತ್ತು ವರ್ಷದಲ್ಲಿ ಆ ವಿಷಯವನ್ನು ಯಾರೂ ಹೀಗೆ ಕೇಳಿರಲಿಲ್ಲ ಅನ್ನಿಸುತ್ತೆ.

‘ಹದಿನೆಂಟು ಜನ ಕಣಮ್ಮ. ಆರು ಪಿಟೀಲು.’

‘ಎರಡು’ ಅಂತ ಅಮ್ಮನ ದನಿ ಬಂತು, ಮಿಕ್ಸಿ ನಿಂತಿತ್ತು. ‘ಎರಡೇ ಪಿಟೀಲು. ಅದರಲ್ಲೂ ಒಬ್ಬಂದು ತಂತಿ ಕಿತ್ತೋಗಿ ಆಮೇಲೆ ಸುಮ್ನೆ ಕೂತಿದ್ದ. ನೀಲಿ ಅಂಗಿ.’

‘ನೀನೆಲ್ಲೇ ನೋಡಿದ್ದು? ನೀನು ಬಂದೇ ಇರಲಿಲ್ಲವಲ್ಲ’ ಅಂದರು ಅಪ್ಪ.

ಫೋನು ಇಬ್ಬರ ಮಧ್ಯೆ ಎಲ್ಲೋ ಇತ್ತು. ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ.

‘ಬಂದಿದ್ದೆ. ಸೈಕಲ್ ಶಾಪಿನ ಹತ್ರ ನಿಂತಿದ್ದೆ, ಕೊನೆವರೆಗೂ.’

ಆಮೇಲೆ ಮಿಕ್ಸಿ ಮತ್ತೆ ಶುರುವಾಯಿತು. ಅಪ್ಪ ‘ಹಲೋ, ಹಲೋ’ ಅಂದರು, ನಾನು ಕೇಳ್ತಾ ಇದೆ ಅಂದೆ, ಅವರಿಗೆ ಕೇಳಿಸಲಿಲ್ಲ ಅಂತ ಕಾಣುತ್ತೆ. ಲೈನು ಕಟ್ಟಾಯಿತು. ಮತ್ತೆ ಹಚ್ಚಬಹುದಿತ್ತು. ಹನ್ನೊಂದಾಯಿತು, ಇನ್ನೂ ಹಚ್ಚಿಲ್ಲ. ಕೆಳಗೆ ಮೊಸ್ಯೂ ಕುರ್ಚಿಗಳನ್ನು ಒಳಗೆ ಎಳೆಯುತ್ತಿದ್ದಾರೆ. ನನ್ನ ತಟ್ಟೆ ಅಲ್ಲೇ ಇದೆ. ಬಟ್ಟೆ ತಂತಿಯ ಮೇಲೆ ಅವರ ಒಂದು ಟವೆಲ್ಲು, ಎರಡು ಕ್ಲಿಪ್ಪು. ಅಮ್ಮ ಅಷ್ಟು ಹೊತ್ತು ನಿಂತಿದ್ದಳು ಅಂದರೆ ಆಗ ನಾನು ಎಲ್ಲಿದ್ದೆ, ಅವಳು ವಾಪಸು ಬಂದು ಬಾಗಿಲು