ಸೊನ್ನೆಯನ್ನು ಹಿಡಿದಿಡುವ ಕೆಲಸ

ಪೀಣ್ಯದ ಒಂದು ಶೆಡ್ಡಿನಲ್ಲಿ ಮನೆಗಳ ನಾಮಫಲಕಕ್ಕೆ ಬೇಕಾದ ಮರದ ಅಕ್ಷರಗಳನ್ನು ಸಿಎನ್‌ಸಿ ರೌಟರ್ ಎಂಬ, ಕಂಪ್ಯೂಟರಿನ ಡ್ರಾಯಿಂಗ್‌ನಂತೆ ಮರ ಕೊರೆಯುವ ಮಷಿನ್‌ನಲ್ಲಿ ಕತ್ತರಿಸಿ ಕೊಡುವುದು ನನ್ನ ಕೆಲಸ. ಇಂಗ್ಲಿಷಿನ ದೊಡ್ಡಕ್ಷರಗಳಾದರೆ ಪ್ರತಿಯೊಂದೂ ಒಂದೇ ತುಂಡಾಗಿ ಬರುತ್ತದೆ. ಕನ್ನಡದಲ್ಲಿ ಹಾಗಲ್ಲ. ಸೊನ್ನೆ ಮತ್ತು ವಿಸರ್ಗ ಬೇರೆಯಾಗಿಯೇ ನಿಲ್ಲುತ್ತವೆ, ಅನೇಕ ಫಾಂಟುಗಳಲ್ಲಿ ಒತ್ತಕ್ಷರವೂ ಮೇಲಿನ ಅಕ್ಷರವನ್ನು ಮುಟ್ಟುವುದಿಲ್ಲ. ನಮ್ಮ ಕೆಲಸದಲ್ಲಿ ಹಾಳಾಗುವುದು ಹೆಚ್ಚಾಗಿ ಈ ಸಣ್ಣ ತುಂಡುಗಳೇ.

ಕೆಲವು ವರ್ಷಗಳ ಹಿಂದೆ 12 ಮಿ.ಮೀ. ದಪ್ಪದ ತೇಗದ ಹಲಗೆಯಲ್ಲಿ ‘ಆನಂದ ನಿಲಯ’ ಎಂಬ ಹೆಸರನ್ನು ಕತ್ತರಿಸುತ್ತಿದ್ದೆ. ‘ನ’ ಮತ್ತು ‘ದ’ ಅಕ್ಷರಗಳು ಸರಿಯಾಗಿ ಬಂದಿದ್ದವು. ಕೊನೆಯಲ್ಲಿ ಉಳಿದಿದ್ದ ಸೊನ್ನೆಯ ಹೊರಸುತ್ತು ಇನ್ನೇನು ಮುಗಿಯುವಷ್ಟರಲ್ಲಿ ತುಂಡು ಮೇಲಕ್ಕೆದ್ದು, ಬಿಟ್ (ತಿರುಗುತ್ತ ಕತ್ತರಿಸುವ ಅಲಗು) ಮತ್ತು ಹಲಗೆಯ ನಡುವೆ ಸಿಕ್ಕಿ ತಿರುಗಿ, ಪಕ್ಕದ ‘ದ’ ಅಕ್ಷರದ ಅಂಚನ್ನು ಕಿತ್ತುಕೊಂಡು ಹೋಗಿ ಮಷಿನ್‌ನ ಕವಚಕ್ಕೆ ಬಡಿಯಿತು. 6 ಮಿ.ಮೀ. ಕಾರ್ಬೈಡ್ ಬಿಟ್ ಬುಡದಲ್ಲೇ ಮುರಿದಿತ್ತು. ಹಲಗೆಯನ್ನು ಬೆಡ್‌ಗೆ, ಅಂದರೆ ರೌಟರ್‌ನ ಮೇಜಿಗೆ, ಹಿಡಿದಿಡುವ ವ್ಯಾಕ್ಯೂಮ್ ಪಂಪ್ ಕೆಟ್ಟಿರಬೇಕೆಂದು ನಾನು ಮೊದಲು ಅದನ್ನೇ ಪರೀಕ್ಷಿಸಿದೆ. ಪಂಪಿನಲ್ಲಿ ಯಾವ ದೋಷವೂ ಇರಲಿಲ್ಲ.

ಆ ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. ವ್ಯಾಕ್ಯೂಮ್ ಬೆಡ್ ವಸ್ತುವನ್ನು ಎಳೆದು ಹಿಡಿಯುವುದಿಲ್ಲ. ಅಡಿಯ ಗಾಳಿಯನ್ನು ತೆಗೆದಾಗ ಮೇಲಿನ ವಾತಾವರಣದ ಒತ್ತಡವೇ ಅದನ್ನು ಕೆಳಕ್ಕೆ ಅದುಮುತ್ತದೆ. ಆ ಒತ್ತಡ ಪೂರ್ತಿಯಾಗಿ ಸಿಕ್ಕರೂ ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಮಾತ್ರ, ನಮ್ಮ ಬೆಡ್‌ನಲ್ಲಿ ಸಿಗುವುದು 0.6ರಷ್ಟು. 20 ಸೆಂ.ಮೀ. ಅಗಲ, 90 ಸೆಂ.ಮೀ. ಉದ್ದದ ಇಡೀ ಹಲಗೆಯ ಮೇಲೆ ಇದು ಒಂದು ಟನ್‌ಗೂ ಮಿಕ್ಕಿದ ಭಾರವಾಗುತ್ತದೆ. ಅದೇ ಹಲಗೆಯಿಂದ ಬಿಡಿಸಿದ, 20 ಮಿ.ಮೀ. ವ್ಯಾಸದ, ನಡುವೆ 8 ಮಿ.ಮೀ. ತೂತಿರುವ ಸೊನ್ನೆಯ ಮೇಲೆ ಬೀಳುವುದು ಹೆಚ್ಚೆಂದರೆ 1.6 ಕೆ.ಜಿ. ಬಿಟ್ ಪಕ್ಕಕ್ಕೆ ತಳ್ಳುವಾಗ ಅದನ್ನು ತಡೆಯುವುದು ಈ ಭಾರದಿಂದ ಹುಟ್ಟುವ ಘರ್ಷಣೆಯಷ್ಟೇ, ಅಂದರೆ ಅರ್ಧ ಕೆ.ಜಿ.ಯ ಆಸುಪಾಸು. ಸಾಲದ್ದಕ್ಕೆ, ಕತ್ತರಿಸಿದ ಪ್ರತಿಯೊಂದು ಗೆರೆಯೂ ಗಾಳಿ ನುಗ್ಗುವ ದಾರಿಯಾಗುವುದರಿಂದ, ಕೊನೆಗೆ ಕತ್ತರಿಸುವ ತುಂಡಿಗೆ ಎಲ್ಲಕ್ಕಿಂತ ಕಡಿಮೆ ಹಿಡಿತ ಸಿಗುತ್ತದೆ. ನಾನು ಸೊನ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಜೊತೆಗೆ, ಹೊಟ್ಟನ್ನು ಮೇಲಕ್ಕೆ ತರುವ ಸುರುಳಿಯ ಬಿಟ್ ಹಾಕಿದ್ದೆ. ಅದು ಹೊಟ್ಟಿನೊಂದಿಗೆ ತುಂಡನ್ನೂ ಮೇಲೆತ್ತುತ್ತದೆ.

ಅಂದಿನಿಂದ ಡ್ರಾಯಿಂಗ್ ಮಾಡುವಾಗಲೇ, ಈ ತುಂಡಿನ ಕೊನೆಯ ಒಂದು ಮಿಲಿಮೀಟರ್ ಕತ್ತರಿಸುವಾಗ ಇದನ್ನು ಯಾವುದು ಹಿಡಿದಿರುತ್ತದೆ ಎಂದು ಒಂದೊಂದು ತುಂಡಿಗೂ ಕೇಳಿಕೊಳ್ಳುತ್ತೇನೆ. ಹಲಗೆ ಇನ್ನೂ ಅಖಂಡವಾಗಿರುವಾಗಲೇ ಸಣ್ಣವುಗಳು ಮೊದಲು ಮುಗಿಯಬೇಕು, ಒಳಗಿನ ತೂತು ಹೊರಸುತ್ತಿಗಿಂತ ಮುಂಚೆ ಆಗಬೇಕು. ಸೊನ್ನೆಯ ತೂತನ್ನು ಬಿಲ್ಲೆಯಾಗಿ ಬಿಡಿಸದೆ, ಸುರುಳಿಯಾಗಿ ಇಳಿಯುತ್ತ ಪೂರ್ತಿ ಹೊಟ್ಟಾಗಿಸಿಬಿಡುತ್ತೇನೆ. ಆಗ ಒಳಗೆ ಬಿಡಿಯಾಗಿ ಕುಣಿಯುವ ಚೂರೇ ಉಳಿಯುವುದಿಲ್ಲ.

ಹೊರಸುತ್ತಿಗೆ ನಾನು ಹೆಚ್ಚು ನಂಬುವುದು ತಳದಲ್ಲಿ ತೆಳು ಪದರ ಉಳಿಸುವ ಕ್ರಮವನ್ನು. ನಾಲ್ಕು ಸುತ್ತಿನಲ್ಲಿ 11.5 ಮಿ.ಮೀ.ವರೆಗೆ ಇಳಿದು ನಿಲ್ಲಿಸುತ್ತೇನೆ. ಉಳಿದ ಅರ್ಧ ಮಿ.ಮೀ. ಹಾಳೆಯಂತೆ ಎಲ್ಲ ತುಂಡುಗಳನ್ನೂ ಒಟ್ಟಿಗೆ ಹಿಡಿದಿಟ್ಟು, ಗಾಳಿ ಸೋರದಂತೆಯೂ ಕಾಯುತ್ತದೆ. ಸಣ್ಣ ತುಂಡುಗಳ ಆ ಪದರವನ್ನು ರೌಟರ್‌ನಿಂದ ಕತ್ತರಿಸುವುದೇ ಇಲ್ಲ. ಹಲಗೆಯನ್ನು ಬೆಡ್‌ನಿಂದ ಎತ್ತಿ, ಕಟರ್‌ನಿಂದ ಗೀರಿ ಬಿಡಿಸಿ, ಅಂಚಿಗೆ ಉಪ್ಪು ಕಾಗದ ಉಜ್ಜುತ್ತೇವೆ. ಆದರೆ ಇದಕ್ಕೆ ಬೆಡ್ ಸಮತಟ್ಟಾಗಿರಲೇಬೇಕು. ಬೆಡ್ ಒಂದು ಮೂಲೆಯಲ್ಲಿ ಅರ್ಧ ಮಿ.ಮೀ. ಎತ್ತರವಿದ್ದರೂ ಅಲ್ಲಿ ಪದರವೇ ಇರುವುದಿಲ್ಲ. ಆಳವನ್ನು ಹಲಗೆಯ ಮೇಲ್ಮೈಯಿಂದ ಅಳೆಯುವಾಗ, ಅಳೆದ ಜಾಗದಲ್ಲಿ ಹಲಗೆ ಅಷ್ಟು ತೆಳುವಾಗಿದ್ದರೂ ಹಾಗೆಯೇ. ಆದ್ದರಿಂದ ಬೆಡ್ ಮೇಲೆ ಹಾಸಿರುವ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಅನ್ನು ಆಗಾಗ ರೌಟರ್‌ನಿಂದಲೇ ಹೆರೆದು ಮಟ್ಟ ಮಾಡುತ್ತೇವೆ, ಹಲಗೆಯ ನಾಲ್ಕೂ ಮೂಲೆಗಳನ್ನು ವರ್ನಿಯರ್‌ನಿಂದ ಅಳೆಯದೆ ಕೆಲಸ ಶುರು ಮಾಡುವುದಿಲ್ಲ.

ಹಲಗೆ ಡೊಂಕಾಗಿದ್ದರೆ ಟ್ಯಾಬ್, ಅಂದರೆ ತುಂಡನ್ನು ಹಲಗೆಗೆ ಬೆಸೆದಿಡುವ ಸಣ್ಣ ಸೇತುವೆಗಳನ್ನು, ಉಳಿಸಿಕೊಳ್ಳುವುದೇ ಸರಿ. ಸೊನ್ನೆಗೆ 4 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಮೂರು ಟ್ಯಾಬ್ ಸಾಕು. ತೇಗದಲ್ಲಿ ಅವುಗಳ ಜಾಗ ಮುಖ್ಯ. ಮರದ ಎಳೆಯ ಉದ್ದಕ್ಕೆ ಬೆಸೆದ ಟ್ಯಾಬ್ ಗಟ್ಟಿಯಾಗಿರುತ್ತದೆ. ಎಳೆಗೆ ಅಡ್ಡಲಾಗಿ ಬಿಟ್ಟದ್ದು ಕತ್ತರಿಸುವಾಗಲೇ ಪಟ್ಟೆಂದು ಮುರಿಯಬಹುದು. ಗಟ್ಟಿಯಾದದ್ದನ್ನು ತಿರುಚಿ ಮುರಿದರೆ ಎಳೆ ಅಕ್ಷರದೊಳಗಿನವರೆಗೂ ಸಿಗಿದುಕೊಂಡು ಬರುತ್ತದೆ. ಆದ್ದರಿಂದ ಸಣ್ಣ ಗರಗಸದಿಂದ ಕೊಯ್ದು, ಉಳಿದ ಮೋಟನ್ನು ಉಳಿಯಿಂದ ಸವರಬೇಕು.

ಹತ್ತಾರು ಒತ್ತಕ್ಷರಗಳು ಒಟ್ಟಿಗೆ ಬಂದಾಗ ಮಾಸ್ಕಿಂಗ್ ಟೇಪನ್ನು ಬೆಡ್‌ಗೂ ಹಲಗೆಯ ಬೆನ್ನಿಗೂ ಅಂಟಿಸಿ, ಎರಡು ಟೇಪುಗಳ ನಡುವೆ ಫೆವಿಕ್ವಿಕ್ ಹಾಕಿ ಒತ್ತುತ್ತೇವೆ. ಮರಕ್ಕೆ ಅಂಟು ತಾಗುವುದಿಲ್ಲ, ಕೆಲಸ ಮುಗಿದ ಮೇಲೆ ಟೇಪ್ ಸುಲಿದರೆ ಆಯಿತು. ಹೆರೆದ ಎಂಡಿಎಫ್‌ನ ಪುಡಿಯ ಮೇಲೆ ಟೇಪ್ ನಿಲ್ಲದ ಕಾರಣ ಹಲಗೆಯ ಅಡಿಗೆ, ಸನ್‌ಮೈಕ ಅಂಟಿಸಿದ ಪ್ಲೈವುಡ್ ತುಂಡೊಂದನ್ನು ತಿರುಪು ಹಾಕಿ ಕೂರಿಸಿಕೊಂಡಿದ್ದೇವೆ.

ಕಳೆದ ವರ್ಷ ಸೇರಿದ ಹುಡುಗನೊಬ್ಬ ಅಲುಗಾಡುತ್ತಿದ್ದ ವಿಸರ್ಗವನ್ನು ಬಿದಿರು ಕಡ್ಡಿಯಿಂದ ಒತ್ತಿ ಹಿಡಿಯಲು ಕವಚದೊಳಗೆ ಕೈ ಹಾಕಿದ್ದ. ನಾನು ಓಡಿ ಹೋಗಿ ಮಷಿನ್ ನಿಲ್ಲಿಸಿದೆ. ‘ಅಣ್ಣಾ, ಇನ್ನೊಂದೇ ಸುತ್ತು ಇತ್ತು’ ಎಂದ. 18,000 ಆರ್‌ಪಿಎಂನಲ್ಲಿ ತಿರುಗುವ ಬಿಟ್ ಕಡ್ಡಿಯನ್ನು ಕಚ್ಚಿದರೆ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲವೆಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಆಮೇಲೆ ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತು, ಆ ವಿಸರ್ಗದ ಎರಡೂ ಸೊನ್ನೆಗಳಿಗೆ ಟ್ಯಾಬ್ ಹಾಕಿ, ಅವುಗಳನ್ನು ಕತ್ತರಿಸುವ ಕ್ರಮದ ಮೊದಲಿಗೆ ತಂದು, ಹೊಸ ಹಲಗೆ ಏರಿಸಿದೆವು.